ದುಧನಿ ಪೇಟೆಯ ದಾರಿ

ತೊಗರಿ ರಾಶಿ ಮುಗಿಯುವ ಜನವರಿ ಹೊತ್ತಿಗೆ ದುಧನಿಯ ಬಾಜಾರ ಸಮಿತಿ ಅಂಗಳದಲ್ಲಿ ನಡೆದರೆ ಚಪ್ಪಲಿಯ ಕೆಳಗೆ ಕಾಳು ಕರಕರ ಅನ್ನುತ್ತದೆ. ಟ್ರ್ಯಾಕ್ಟರ್, ಟಂಟಂಗಳಿಂದ ಇಳಿದ ಚೀಲಗಳು ಅಡತ್ ಅಂಗಡಿಗಳ ಮುಂದೆ ಸಾಲಾಗಿ ನಿಂತಿರುತ್ತವೆ. ಖರೀದಿದಾರ ಬಾಯಿ ಬಿಚ್ಚಿದ ಚೀಲಕ್ಕೆ ಮೊಣಕೈವರೆಗೆ ಕೈ ಇಳಿಸಿ ಅಡಿಯಿಂದ ಒಂದು ಹಿಡಿ ಎತ್ತುತ್ತಾನೆ. ಅಂಗೈ ಮೇಲೆ ಹರಡಿ, ಹೊಟ್ಟು ಊದಿ, ಒಂದೆರಡು ಕಾಳು ಹಲ್ಲಿಗೆ ಕೊಡುತ್ತಾನೆ. ಕಟಕ್ಕನೆ ಮುರಿದರೆ ಒಣಗಿದ ಮಾಲು, ಮೆತ್ತಗೆ ಒತ್ತಿಕೊಂಡರೆ ಹಸಿ. ಆ ಒಂದು ಕ್ಷಣ ರೈತನ ಕಣ್ಣು ಅವನ ದವಡೆಯ ಮೇಲೇ ಇರುತ್ತದೆ.

"ಭಾವ ಏನ್ ನಡದದ್ರೀ ಸಾವುಕಾರ್ರ?"

"ಕಾಳ ಇನ್ನಾ ಹಸಿ ಅದ ಗೌಡ್ರ. ತಡೀರಿ, ನೋಡಿ ಹಚ್ಚೋಣು."

ಮಾತು ನಡೆಯುತ್ತಿರುವುದು ಮಹಾರಾಷ್ಟ್ರದಲ್ಲಿ. ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲ್ಲೂಕು. ಅಂಗಡಿಯ ಬೋರ್ಡು ದೇವನಾಗರಿಯಲ್ಲಿದೆ. ಬೋರ್ಡಿನ ಮೇಲಿರುವ ಪದ ಇಂಗ್ಲಿಷಿನದು: ಟ್ರೇಡರ್ಸ್, ಟ್ರೇಡಿಂಗ್ ಕಂಪನಿ. ಬೋರ್ಡಿನ ಕೆಳಗೆ ಆಡುವ ಮಾತು ಕನ್ನಡ. ಈ ಮೂರೂ ಒಂದೇ ಬಾಗಿಲಲ್ಲಿ ಕೂಡಿದ್ದು ಹೇಗೆ ಎಂದು ಯೋಚಿಸುತ್ತ ಹೋದರೆ 'ಟ್ರೇಡ್' ಎಂಬ ಪದವೇ ಅರ್ಧ ಉತ್ತರ ಕೊಡುತ್ತದೆ.

ಟ್ರೇಡ್ ಮೊದಲಿಗೆ ಕೊಡುಕೊಳ್ಳುವ ಮಾತಾಗಿರಲಿಲ್ಲ. 14ನೆಯ ಶತಮಾನದ ಕೊನೆಯಲ್ಲಿ ಅದು ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಜಾಡು, ಹಾದಿ, ಹಡಗು ಹಿಡಿದು ಸಾಗುವ ದಾರಿ. ಅದನ್ನು ತಂದವರು ಉತ್ತರ ಜರ್ಮನಿಯ ಹ್ಯಾನ್ಸಿಯಾಟಿಕ್ ಒಕ್ಕೂಟದ ವರ್ತಕರು. ಬಾಲ್ಟಿಕ್ ಕಡಲಿನಿಂದ ಲಂಡನ್ನಿನವರೆಗೆ ಮೀನು, ಮರ, ಉಣ್ಣೆ, ಮೇಣ ಸಾಗಿಸುತ್ತಿದ್ದ ಇವರ ಆಡುಮಾತಿನಲ್ಲಿ 'ಟ್ರೇಡ್' ಎಂದರೆ ತುಳಿದು ಮೂಡಿದ ದಾರಿ. ಕಾಲಿಟ್ಟು ನಡೆ ಎನ್ನುವ ಇಂಗ್ಲಿಷಿನ 'ಟ್ರೆಡ್' ಇದರ ಒಡಹುಟ್ಟು. ಒಬ್ಬ ದಿನವೂ ಹಿಡಿಯುವ ದಾರಿಯೇ ಅವನ ಬದುಕಿನ ದಾರಿ ಎಂಬ ಅರ್ಥ ಆಮೇಲೆ ಬಂತು, ಅದರಿಂದ ಅವನ ಕಸುಬು ಎಂಬ ಅರ್ಥ. 16ನೆಯ ಶತಮಾನದ ನಡುವಿನ ಹೊತ್ತಿಗೆ ಪದವು ಸರಕು ಕೊಡುಕೊಳ್ಳುವ ವ್ಯವಹಾರಕ್ಕೆ ನಿಂತಿತು. ದಾರಿ ಮೊದಲು, ಕಸುಬು ಆಮೇಲೆ, ವ್ಯಾಪಾರ ಕಡೆಗೆ.

ಈ ಮೂರು ಪದರಗಳನ್ನೂ ನಾವು ಗೊತ್ತಿಲ್ಲದೆ ಬಳಸುತ್ತಿದ್ದೇವೆ. ಐಟಿಐಗೆ ಸೇರಿದ ಹುಡುಗನನ್ನು "ಯಾವ ಟ್ರೇಡ್?" ಎಂದು ಕೇಳುತ್ತೇವೆ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಎನ್ನುತ್ತಾನೆ. ಅಲ್ಲಿ ಟ್ರೇಡ್ ಎಂದರೆ ಕಸುಬು, ಹಳೆಯ ಅರ್ಥವೇ. ಟ್ರೇಡ್ ಯೂನಿಯನ್ ಎನ್ನುವಾಗಲೂ ಅದೇ. ಇನ್ನೂ ಹಳೆಯ ಅರ್ಥ ಅಡಗಿರುವುದು ಭೂಗೋಳದ ಪಾಠದಲ್ಲಿ. 'ಟ್ರೇಡ್ ವಿಂಡ್ಸ್' ಎಂಬುದಕ್ಕೆ ನಮ್ಮ ಶಾಲಾ ಪುಸ್ತಕಗಳು 'ವಾಣಿಜ್ಯ ಮಾರುತಗಳು' ಎಂದು ಕನ್ನಡ ಮಾಡಿವೆ. ವರ್ತಕರ ಹಡಗಿಗೆ ನೆರವಾದ ಗಾಳಿ ಎಂದು ಗುರುಗಳು ವಿವರಿಸುತ್ತಾರೆ. ನೆರವಾದದ್ದು ನಿಜ, ಆದರೆ ಹೆಸರು ಬಂದದ್ದು ಅದಕ್ಕಲ್ಲ. ಬದಲಾಗದೆ ಒಂದೇ ಜಾಡಿನಲ್ಲಿ ಬೀಸುವ ಗಾಳಿ ಎಂಬುದು ಅದರ ಮೂಲ ಅರ್ಥ. ಹೆಸರಿಡುವಾಗ ಪದದ ಹೊಸ ಅರ್ಥವನ್ನಷ್ಟೇ ನೋಡಿದ್ದರಿಂದ ಗಾಳಿಗೆ ವ್ಯಾಪಾರ ಅಂಟಿಕೊಂಡಿತು.

ದುಧನಿಯ ಪೇಟೆಯ ಮಾತುಗಳಲ್ಲೂ ಹೀಗೆ ದಾರಿ ಅಡಗಿದೆ. ದಲಾಲ ಎಂಬ ಪದ ಇಂದು ಬೈಗುಳದ ಮಟ್ಟಕ್ಕೆ ಇಳಿದಿದೆ. ಅರಬ್ಬಿಯಲ್ಲಿ ಅದರ ಮೂಲ ಧಾತುವಿನ ಅರ್ಥ ದಾರಿ ತೋರು. ಊರು ಗೊತ್ತಿಲ್ಲದ ಮಾರುವವನನ್ನು ಮುಖ ಗೊತ್ತಿಲ್ಲದ ಕೊಳ್ಳುವವನ ಬಳಿಗೆ ಕರೆದೊಯ್ಯುವವನು ದಲಾಲ. ಹಮಾಲನೂ ಅರಬ್ಬಿಯಿಂದ ಬಂದವನೇ, ಹೊರೆ ಹೊರುವವನು. ಗುಮಾಸ್ತ ಪಾರ್ಸಿಯವನು, ಕೆಲಸಕ್ಕೆ ನೇಮಕವಾದವನು. ಬಜಾರವೂ ಪಾರ್ಸಿಯದೇ. ತೂಗುವ ತೋಲಾರನ ಬೇರು ಸಂಸ್ಕೃತದ ತುಲೆಯಲ್ಲಿದೆ. ಇವರೆಲ್ಲ ಬಂದದ್ದು ಪುಸ್ತಕ ಹಿಡಿದಲ್ಲ, ಸರಕಿನ ಜೊತೆ ನಡೆದು. ಬಹಮನಿಗಳ ಕಲಬುರಗಿ, ಆದಿಲಶಾಹಿಗಳ ವಿಜಯಪುರ, ಮರಾಠರ ಅಕ್ಕಲಕೋಟೆ, ನಿಜಾಮರ ಹೈದರಾಬಾದು ಎಲ್ಲವೂ ಈ ಕರಿನೆಲದ ಮೇಲೆ ಹಾದುಹೋಗಿವೆ.

ಇದರ ನಡುವೆ ಅಚ್ಚಗನ್ನಡದ ಒಂದು ಪದವನ್ನೂ ಹೇಳಬೇಕು. ಮಾರುಕಟ್ಟೆ ಎಂಬುದು ಮಾರ್ಕೆಟ್‌ನಿಂದ ಬಂದದ್ದೆಂದು ಹಲವರು ನಂಬಿದ್ದಾರೆ. ಅಲ್ಲ. ಮಾರ್ಕೆಟ್‌ನ ಮೂಲ ಲ್ಯಾಟಿನ್ ಭಾಷೆಯಲ್ಲಿ ಸರಕು ಎಂಬ ಅರ್ಥದ 'ಮೆರ್ಕ್ಸ್'. ಕಾಮರ್ಸ್, ಮರ್ಚೆಂಟ್ ಎರಡೂ ಅದರ ಮಕ್ಕಳು. ನಮ್ಮದು ಮಾರು ಮತ್ತು ಕಟ್ಟೆ ಕೂಡಿದ್ದು. ಸದ್ದು ಹೊಂದಿರುವುದು ಆಕಸ್ಮಿಕ. ಮಾರು ಎಂಬ ಧಾತುವಿಗೆ ದ್ರಾವಿಡ ಭಾಷೆಗಳಲ್ಲಿ ಬದಲಾಗು, ಬದಲಿಸಿಕೊ ಎಂಬುದೇ ಮೊದಲ ಅರ್ಥ. ಮಾರ್ಪಾಡು, ಮಾರುತ್ತರ, ಮಾರುವೇಷ, ಮಾರ್ದನಿ ಎಲ್ಲದರಲ್ಲೂ ಅದು ಉಳಿದಿದೆ. ಜೋಳ ಕೊಟ್ಟು ಉಪ್ಪು ತಂದ ಕಾಲದ ನೆನಪು ಆ ಪದದಲ್ಲಿದೆ. ಇಂಗ್ಲಿಷಿನ 'ಸೆಲ್' ಎಂಬುದಕ್ಕೂ ಹಿಂದೆ ಕೊಡು ಎಂಬಷ್ಟೇ ಅರ್ಥವಿತ್ತು.

ನಮ್ಮ ಹಳೆಯ ವರ್ತಕರೂ ತಮ್ಮನ್ನು ದಾರಿಯಿಂದಲೇ ಗುರುತಿಸಿಕೊಂಡರು. ಅಯ್ಯಾವೊಳೆ, ಅಂದರೆ ಇಂದಿನ ಐಹೊಳೆ, ಐನೂರ್ವರ ನೆಲೆ. ಈ ವರ್ತಕ ಸಂಘದ ಹಿರಿಮೆ ಹೇಳುವ 11ನೆಯ ಶತಮಾನದ ಶಿಕಾರಿಪುರದ ಶಾಸನವೊಂದು ಅವರ ಬಳಿ ಎಷ್ಟು ಹೊನ್ನಿತ್ತೆಂದು ಹೇಳಿ ನಿಲ್ಲುವುದಿಲ್ಲ. ಚೇರ, ಚೋಳ, ಪಾಂಡ್ಯ, ಮಗಧ ಎಂದು ಅವರು ನಡೆದ ನಾಡುಗಳನ್ನು ಎಣಿಸುತ್ತದೆ, ನೆಲದ ದಾರಿ ನೀರಿನ ದಾರಿ ಎರಡನ್ನೂ ಹೇಳುತ್ತದೆ. ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ದಖ್ಖನ್ನನ್ನು ಅಡ್ಡಡ್ಡ ದಾಟಿದ ಲಂಬಾಣಿಗಳೂ ಇದೇ ಪರಂಪರೆಯವರು. ಬಂಜಾರ ಎಂಬ ಅವರ ಹೆಸರನ್ನು ವಿದ್ವಾಂಸರು ವಾಣಿಜ್ಯದ ಜೊತೆಗೇ ಜೋಡಿಸುತ್ತಾರೆ. ನಮ್ಮ ಬಣಜಿಗ ಹುಟ್ಟಿದ್ದೂ ಅದೇ ಬೇರಿನಿಂದ. ಸೊಲ್ಲಾಪುರ, ಕಲಬುರಗಿ ಎರಡೂ ಜಿಲ್ಲೆಗಳಲ್ಲಿ ತಾಂಡಾಗಳಿವೆ. ಅವರ ಹೇರೆತ್ತಿನ ಕಾಲ ಮುಗಿದದ್ದು ಇನ್ನೊಂದು ದಾರಿ ಬಂದ ಮೇಲೆ.

ಆ ದಾರಿ ರೈಲಿನದು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಮುಂಬಯಿಯಿಂದ ಸೊಲ್ಲಾಪುರ ಮುಟ್ಟಿದ್ದು 1860ರಲ್ಲಿ. ಅಲ್ಲಿಂದ ಕಲಬುರಗಿ ಹಾದು ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿದ್ದು 1871ರಲ್ಲಿ. ಅಕ್ಕಲಕೋಟೆ ರೋಡ್, ನಾಗಣಸೂರು, ಬೋರೋಟಿ, ದುಧನಿ, ಕುಲಾಲಿ, ಗಾಣಗಾಪುರ ರೋಡ್ ಎಂದು ನಿಲ್ದಾಣಗಳು ಸಾಲಾಗಿ ಬಂದವು. ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಯಾವುದು ಮಹಾರಾಷ್ಟ್ರದ್ದು, ಯಾವುದು ಕರ್ನಾಟಕದ್ದು ಎಂದು ಕಿವಿಗೆ ತಿಳಿಯುವುದಿಲ್ಲ. ಗಾಣಗಾಪುರದ ದತ್ತನಿಗೆ ಹೋಗುವವರೂ ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರೂ ಇದೇ ಹಳಿಯ ಮೇಲೆ ಓಡಾಡುತ್ತಾರೆ. ನಿಲ್ದಾಣವಿರುವ ಊರಿಗೆ ಸುತ್ತಲಿನ ಹಳ್ಳಿಗಳ ಗಾಡಿದಾರಿಗಳು ಬಂದು ಕೂಡುವುದು ಸಹಜ. ಹಿಂದೆ ಹೊಲ, ಮುಂದೆ ಹಳಿ. ದುಧನಿಯಂಥ ಪುಟ್ಟ ಊರು ಬೇಳೆಕಾಳಿನ ಪೇಟೆಯಾಗಿ ಬೆಳೆದದ್ದರ ಹಿಂದೆ ಈ ಕೂಡುದಾರಿಯ ಪಾಲು ದೊಡ್ಡದೆಂದೇ ನನ್ನ ತಿಳಿವು. ಊರಿನ ಸುತ್ತಲಿನ ಕಪ್ಪು ಮಣ್ಣು ಕೊಡುವುದು ತೊಗರಿ, ಉದ್ದು, ಹೆಸರು, ಕಡಲೆ, ಬಿಳಿಜೋಳ. ಪೂರ್ವಕ್ಕೆ ಕೆಲವೇ ಕಿಲೋಮೀಟರ್ ನಡೆದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಸೀಮೆ. ಅಲ್ಲೂ ಅದೇ ಮಣ್ಣು, ಅದೇ ತೊಗರಿ.

ಈ ದಾರಿಗೆ ಗಡಿ ಅಡ್ಡ ಬಂದದ್ದು ಒಂದು ಸಲವಲ್ಲ. ಅಕ್ಕಲಕೋಟೆಯಲ್ಲಿ ಭೋಸಲೆ ಮನೆತನದ ಸಂಸ್ಥಾನ, ಆಚೆ ಕಲಬುರಗಿಯಲ್ಲಿ ನಿಜಾಮರ ಆಳ್ವಿಕೆ. ನಿಜಾಮರ ರಾಜ್ಯಕ್ಕೆ ತನ್ನದೇ ಸುಂಕದ ಇಲಾಖೆ ಇತ್ತು. ಅದರ ಹೆಸರು ಕರೋಡಗಿರಿ. ಸೀಮೆಯ ಹಿರಿಯರ ಬಾಯಲ್ಲಿ 'ಕರೋಡಗಿರಿ ನಾಕಾ' ಎಂಬ ಮಾತು ಬಹುಕಾಲ ಉಳಿಯಿತು. 1948ರಲ್ಲಿ ಎರಡೂ ಸಂಸ್ಥಾನಗಳು ಭಾರತದಲ್ಲಿ ಕೂಡಿದವು. 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಬಂತು, ಅಕ್ಕಲಕೋಟೆ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1960ರ ಮೇ 1ಕ್ಕೆ ಅಕ್ಕಲಕೋಟೆ ಮಹಾರಾಷ್ಟ್ರಕ್ಕೆ ಸೇರಿತು. 1967ರಲ್ಲಿ, ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಅಕ್ಕಲಕೋಟೆ ತಾಲ್ಲೂಕು ಇಡಿಯಾಗಿ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿತು. ಮಹಾರಾಷ್ಟ್ರ ಆ ವರದಿಯನ್ನು ಒಪ್ಪಲಿಲ್ಲ. ಆ ವಾದವನ್ನು ಇಲ್ಲಿ ಮತ್ತೆ ತೆಗೆಯುವುದಿಲ್ಲ. ಗಡಿ ಎಲ್ಲೇ ಇರಲಿ, ಆಳಂದದ ಟ್ರ್ಯಾಕ್ಟರ್ ಭಾವ ಚೆನ್ನಾಗಿದ್ದರೆ ದುಧನಿಗೆ ಬರುತ್ತದೆ, ಅಕ್ಕಲಕೋಟೆಯ ಮಾಲು ಭಾವ ಚೆನ್ನಾಗಿದ್ದರೆ ಕಲಬುರಗಿಗೆ ಹೋಗುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಈ ಸಂಗತಿ.

ನಮ್ಮ ಸಂವಿಧಾನ ಬರೆದವರು ಇದನ್ನು ಬಲ್ಲವರಾಗಿದ್ದರು. 301ನೆಯ ವಿಧಿ ಭಾರತದ ಉದ್ದಗಲಕ್ಕೂ ವ್ಯಾಪಾರ, ವಾಣಿಜ್ಯ ಮತ್ತು ಪರಸ್ಪರ ಸಂಚಾರ ಮುಕ್ತವಾಗಿರಬೇಕು ಎನ್ನುತ್ತದೆ. ವ್ಯಾಪಾರವನ್ನೂ ಸಂಚಾರವನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿದ್ದು ಸುಮ್ಮನೆ ಅಲ್ಲ. ಸರಕು ಚಲಿಸದಿದ್ದರೆ ವ್ಯಾಪಾರವೇ ಇಲ್ಲ. ಅಸ್ಸಾಮಿನ ರಸ್ತೆ, ನದಿಗಳ ಮೂಲಕ ಕೊಲ್ಕತ್ತಕ್ಕೆ ಸಾಗುವ ಚಹಾದ ಮೇಲೆ ಅಸ್ಸಾಂ ಸರ್ಕಾರ ತೆರಿಗೆ ಹಾಕಿದಾಗ ಅತಿಯಾಬಾರಿ ಟೀ ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. 1960ರಲ್ಲಿ ಬಂದ ಬಹುಮತದ ತೀರ್ಪು ಆ ಕಾಯ್ದೆಯನ್ನು ತಳ್ಳಿಹಾಕಿತು. ಸರಕಿನ ಓಡಾಟ ವ್ಯಾಪಾರದ ಜೀವಾಳ, ಅದನ್ನು ನೇರವಾಗಿ ತಡೆಯುವ ತೆರಿಗೆ 301ನೆಯ ವಿಧಿಗೆ ವಿರುದ್ಧ ಎಂಬುದು ಅದರ ಸಾರ. ಬಹುಮತದ ತೀರ್ಪು ಬರೆದವರು ಪಿ.ಬಿ. ಗಜೇಂದ್ರಗಡ್ಕರ್. ನಮ್ಮ ಗಜೇಂದ್ರಗಡದ ಹೆಸರು ಹೊತ್ತ ಮನೆತನ, ಹುಟ್ಟಿದ್ದು ಸತಾರಾದಲ್ಲಿ, ಕಾಲೇಜು ಓದು ಶುರುವಾದದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಎರಡೂ ಭಾಷೆಗಳ ಗಡಿಯನ್ನು ಹತ್ತಿರದಿಂದ ಕಂಡ ಒಬ್ಬರು ಈ ಮಾತು ಬರೆದರು ಎಂಬುದು ನನಗೆ ಸಂತೋಷ ಕೊಡುವ ವಿವರ. ಮುಂದೆ 2016ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೆರಿಗೆಯ ಮಟ್ಟಿಗೆ ರಾಜ್ಯಗಳಿಗೆ ಹೆಚ್ಚು ಅಧಿಕಾರ ಕೊಟ್ಟಿತು, ಅದು ಬೇರೆ ಕಥೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಗಡಿಯ ಮಾರಾಟ ತೆರಿಗೆ ಚೆಕ್‌ಪೋಸ್ಟುಗಳೂ ಹೋದವು.

ಆದರೆ ಅದೇ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ 'ಮಾರುಕಟ್ಟೆ ಮತ್ತು ಜಾತ್ರೆ' ರಾಜ್ಯದ ವಿಷಯ. ಆದ್ದರಿಂದ ದುಧನಿಯ ಪೇಟೆ ನಡೆಯುವುದು ಮಹಾರಾಷ್ಟ್ರದ 1963ರ ಕಾಯ್ದೆಯಂತೆ, ಆಳಂದದ ಪೇಟೆ ಕರ್ನಾಟಕದ 1966ರ ಕಾಯ್ದೆಯಂತೆ. ಎರಡಕ್ಕೂ ಹಿಂದೆ ಹೈದರಾಬಾದ್ ಸಂಸ್ಥಾನದ 1930ರ ಕಾಯ್ದೆ, ಮುಂಬಯಿ ಪ್ರಾಂತ್ಯದ 1939ರ ಕಾಯ್ದೆ ಇದ್ದವು. ಕಟ್ಟಿದ ಉದ್ದೇಶ ಒಂದೇ. ಬಹಿರಂಗ ಸವಾಲು ಆಗಬೇಕು, ಸರಿಯಾದ ತೂಕ ಸಿಗಬೇಕು, ತೂಕದಲ್ಲಿ ಬೇಕಾಬಿಟ್ಟಿ ಸೂಟು, ಅಂದರೆ ಕಡಿತ, ಹಿಡಿಯಬಾರದು, ರೈತನ ಕೈಗೆ ಅಂದೇ ರೊಕ್ಕ ಮತ್ತು ಲೆಕ್ಕದ ಪಟ್ಟಿ ಬರಬೇಕು. 2020ರ ಕೇಂದ್ರ ಕೃಷಿ ವ್ಯಾಪಾರ ಕಾಯ್ದೆ ಬಾಜಾರ ಸಮಿತಿಯ ಅಂಗಳದ ಹೊರಗಿನ ಜಾಗವನ್ನೆಲ್ಲ 'ಟ್ರೇಡ್ ಏರಿಯಾ' ಎಂದು ಕರೆಯಿತು. ರೈತರ ದೀರ್ಘ ಹೋರಾಟದ ಬಳಿಕ 2021ರ ನವೆಂಬರಿನಲ್ಲಿ ಸಂಸತ್ತು ಅದನ್ನು ಹಿಂತೆಗೆದುಕೊಂಡಿತು. ಅಂಗಳದ ಹೊರಗೆ ದಾರಿ ತೆರೆಯುವುದು ಒಳ್ಳೆಯದೇ ಇರಬಹುದು. ಆದರೆ ತೂಕಕ್ಕೆ ಸಾಕ್ಷಿ ಯಾರು, ರೊಕ್ಕ ಬಾರದಿದ್ದರೆ ಯಾರ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆಗಳಿಗೆ ಅದರಲ್ಲಿ ರೈತ ನಂಬುವಂಥ ಉತ್ತರ ಇರಲಿಲ್ಲ.

ಗಡಿ ರೈತನಿಗೆ ನಿಜವಾಗಿ ಚುಚ್ಚುವುದು ಬೆಂಬಲ ಬೆಲೆಯ ಹೊತ್ತಿನಲ್ಲಿ. 2024–25ರ ಹಂಗಾಮಿಗೆ ಕೇಂದ್ರ ತೊಗರಿಗೆ ಕ್ವಿಂಟಲಿಗೆ 7,550 ರೂಪಾಯಿ ನಿಗದಿ ಮಾಡಿತ್ತು. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ 450 ಸೇರಿಸಿ 8,000 ಮಾಡಿತು. ಆ 450 ಗಡಿ ದಾಟಲಿಲ್ಲ. ದುಧನಿಯ ಹೊಲದ ತೊಗರಿ, ಆಚೆಯ ಹೊಲದ ತೊಗರಿ ಎರಡನ್ನೂ ಒಂದೇ ಚೀಲಕ್ಕೆ ಸುರಿದರೆ ಬೇರೆ ಮಾಡುವವರು ಯಾರೂ ಇಲ್ಲ. ಆದರೂ ಒಬ್ಬನ ಕೈಯಲ್ಲಿ ಪಹಣಿ, ಕರ್ನಾಟಕದ 'ಫ್ರೂಟ್ಸ್' ರೈತ ನೋಂದಣಿ ಇರಬೇಕು, ಇನ್ನೊಬ್ಬನ ಕೈಯಲ್ಲಿ ಮಹಾರಾಷ್ಟ್ರದ ಪಹಣಿಯಾದ ಸಾತಬಾರಾ ಉತಾರ. ಗಡಿಯ ಎರಡೂ ಕಡೆ ಬೀಗರು, ಎರಡೂ ಕಡೆ ಹೊಲ ಇರುವ ಮನೆಗಳಲ್ಲಿ ಯಾವ ಚೀಲ ಯಾವ ಕಾಗದದ ಹಿಂದೆ ಹೋಗಬೇಕೆಂಬ ಲೆಕ್ಕ ರಾಶಿಯ ಕಣದಲ್ಲೇ ಶುರುವಾಗುತ್ತದೆ. ರಾಜ್ಯ ತನ್ನ ರೊಕ್ಕ ತನ್ನ ರೈತರಿಗೆ ಕೊಡುವುದನ್ನು ತಪ್ಪೆನ್ನಲಾರೆ. ಗಡಿಸೀಮೆಯ ತೊಗರಿಗೆ ಎರಡೂ ಸರ್ಕಾರಗಳು ಕೂತು ಒಂದು ಸಮಾನ ಏರ್ಪಾಟು ಮಾಡಿಕೊಳ್ಳಬಾರದೇಕೆ ಎಂದು ಕೇಳುತ್ತೇನೆ, ಅಷ್ಟೆ.

ಇನ್ನೊಂದು ಸಂಗತಿ ರೊಕ್ಕದಷ್ಟೇ ದೊಡ್ಡದು. ತೂಕ ಮುಗಿದು ಲೆಕ್ಕವಾದ ಮೇಲೆ ಅಂಗಡಿಯ ಲೆಕ್ಕ ಬರೆಯುವ ದಿವಾಣಜಿ ರೈತನ ಕೈಗೆ ಪಟ್ಟಿ ಕೊಡುತ್ತಾನೆ. ಹಿಸೋಬಿನ ಆ ಚೀಟಿಯಲ್ಲಿ ಚೀಲ ಎಷ್ಟು, ತೂಕ ಎಷ್ಟು, ಭಾವ ಎಷ್ಟು, ಹಮಾಲಿ, ತೋಲಾಯಿ ಎಷ್ಟು ಎಂದು ಒಂದರ ಕೆಳಗೊಂದು ಸಾಲು. ಬಿತ್ತನೆಗೆ, ಗೊಬ್ಬರಕ್ಕೆ, ಮನೆಯ ಮದುವೆಗೆ ಮುಂಗಡ ತಂದಿದ್ದರೆ ಅದು 'ಉಚಲ' ಎಂಬ ಸಾಲಿನಲ್ಲಿ ಕಳೆಯುತ್ತದೆ. ಕಡೆಗೆ ಕೈಗೆ ಬರುವ ಮೊತ್ತ. ವರ್ಷದ ದುಡಿಮೆ ಇಷ್ಟು ಸಾಲಿನಲ್ಲಿ ಇರುತ್ತದೆ. ಮಹಾರಾಷ್ಟ್ರದ 1964ರ ರಾಜಭಾಷಾ ಅಧಿನಿಯಮದಂತೆ ಆಡಳಿತದ ಭಾಷೆ ಮರಾಠಿ, ಪೇಟೆಯ ಕಾಗದದ ಭಾಷೆಯೂ ಅದೇ. ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಓದಿದವರು, ಓದನ್ನೇ ಕಾಣದ ಹಿರಿಯರು, ಗಡಿಯಾಚೆಯಿಂದ ಬಂದ ರೈತರು ಆ ಚೀಟಿಯನ್ನು ಕೈಯಲ್ಲಿ ಹಿಡಿದು "ಏನ್ ಬರದೀರಿ, ಓದಿ ಹೇಳ್ರೀ" ಎನ್ನಬೇಕಾಗುತ್ತದೆ. ಓದಿ ಹೇಳುವವನು ಲೆಕ್ಕ ಬರೆದವನೇ ಆಗಿರುತ್ತಾನೆ. ಹೆಚ್ಚಿನ ದಿವಾಣಜಿಗಳು ಪ್ರಾಮಾಣಿಕರೇ, ಪೀಳಿಗೆಗಳ ನಂಬಿಕೆಯ ಮೇಲೆ ಈ ಪೇಟೆಗಳು ನಿಂತಿವೆ. ಹಾಗಿದ್ದರೂ ತನ್ನ ಬೆವರಿನ ಲೆಕ್ಕವನ್ನು ತಾನೇ ಓದುವ ಹಕ್ಕು ರೈತನದು.

ಇದಕ್ಕೆ ಹೊಸ ಕಾನೂನು ಬೇಡ. ಒಂದು ಪ್ರದೇಶದಲ್ಲಿ ಶೇ 15 ಅಥವಾ ಅದಕ್ಕಿಂತ ಹೆಚ್ಚು ಜನ ಭಾಷಾ ಅಲ್ಪಸಂಖ್ಯಾತರಿದ್ದರೆ ಮುಖ್ಯ ನಿಯಮ, ಸೂಚನೆಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕೆಂಬ ರಾಷ್ಟ್ರೀಯ ಏರ್ಪಾಟು ದಶಕಗಳಿಂದ ಇದೆ. ಕರ್ನಾಟಕ ತನ್ನ ಗಡಿಯ ಮರಾಠಿಗರಿಗೆ, ಮಹಾರಾಷ್ಟ್ರ ತನ್ನ ಕನ್ನಡಿಗರಿಗೆ ಇದನ್ನು ಪಾಲಿಸಿದರೆ ಸಾಕು. ಮರಾಠಿಯನ್ನು ತೆಗೆಯಬೇಕೆಂದು ಯಾರೂ ಕೇಳುತ್ತಿಲ್ಲ. ಮರಾಠಿಯ ಪಕ್ಕದಲ್ಲಿ ಕನ್ನಡದ ಏಳೆಂಟು ಪದ ಅಚ್ಚಾಗಬೇಕು: ಚೀಲ, ತೂಕ, ಭಾವ, ಹಮಾಲಿ, ತೋಲಾಯಿ, ಉಚಲ, ಉಳಿಕೆ. ಅರ್ಧ ಪದಗಳು ಎರಡೂ ಭಾಷೆಯಲ್ಲಿ ಒಂದೇ, ಲಿಪಿ ಮಾತ್ರ ಬೇರೆ.

ದುಧನಿಯ ಬಾಜಾರ ಸಮಿತಿಗೆ, ಅಡತ್ ವ್ಯಾಪಾರಿಗಳಿಗೆ ನನ್ನ ಬೇಡಿಕೆ ಇದು. ಮುಂದಿನ ತೊಗರಿ ಹಂಗಾಮಿಗೆ ಪಟ್ಟಿ ಪುಸ್ತಕ ಅಚ್ಚು ಹಾಕಿಸುವಾಗ ಎರಡೂ ಲಿಪಿಯಲ್ಲಿ ಹಾಕಿಸಿ. ಹತ್ತಿರದ ಕನ್ನಡ ಶಾಲೆಯ ಗುರುಗಳು ಆ ಪದಗಳನ್ನು ಒಂದು ಮಧ್ಯಾಹ್ನದಲ್ಲಿ ಬರೆದುಕೊಡುತ್ತಾರೆ.